ಬೆಳಕು ದಪ್ಪ

ಆಪರೇಟರಮ್ಮ ಕೊನೆಯ ಸಲ ಪ್ರೊಜೆಕ್ಟರ್ ಹಾಕಿ ಕಿಂಡಿಗೆ ಕಣ್ಣಿಟ್ಟಳು. ಪರದೆ ಬೆಳಗಿತು, ಆದರೆ ನಡುವೆ ಬೆಳಕಿನ ಗೆರೆಯೇ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಹೊಗೆಯಿಲ್ಲ, ಧೂಳಿಲ್ಲ. ಅವಳಿಗೂ ಮುಂಚೆ ಇಲ್ಲೇ ಆಪರೇಟರಾಗಿದ್ದ, ತೀರಿಹೋದ ಅಪ್ಪ, ಹಾಲ್ ತುಂಬಿದೆಯೇ ಎಂದು ಇದೇ ಕಿಂಡಿಯಲ್ಲಿ ಜನರನ್ನು ಎಣಿಸುತ್ತಲೇ ಇರಲಿಲ್ಲ. ಸಿಗರೇಟಿನ ಹೊಗೆಯಲ್ಲಿ ಬೆಳಕು ಕಂಬದಂತೆ ಕಂಡರೆ ಸಾಕು, "ಬೆಳಕು ದಪ್ಪ ಇದೆ ಕಣೇ, ಹೌಸ್‌ಫುಲ್!" ಎನ್ನುತ್ತಿದ್ದ.

"ಹಾಲ್ ಗುಡಿಸಿ, ಒರೆಸಿ, ಬೀಗ ಹಾಕಿದೀನಮ್ಮ," ಎಂದ ಮುದುಕ ಗೇಟ್‌ಕೀಪರ್, ಬಾಗಿಲಲ್ಲೇ ನಿಂತು. "ಟಾಕೀಸ್ ಕೆಡವೋರು ಹೊರಗೆ ಕಾಯ್ತಾ ಇದಾರೆ. ಆರಿಸಿ ಬಾ."

ಸ್ವಿಚ್ಚಿಗೆ ಹೋದ ಅವಳ ಕೈ ಅಲ್ಲೇ ನಿಂತಿತು. ಕಿಂಡಿಯಾಚೆ ಬೆಳಕಿನ ಎಳೆಯೊಂದು ಮೂಡಿತು. ನೋಡನೋಡುತ್ತಲೇ ಅದು ಹಗ್ಗವಾಯಿತು, ಕಂಬವಾಯಿತು. ಖಾಲಿ ಕುರ್ಚಿಗಳಿಂದ ನೀಲಿ ಸುರುಳಿಗಳು ಒಂದೊಂದಾಗಿ ಮೇಲೇಳುತ್ತಿದ್ದವು.

"ಅಣ್ಣಾ," ಎಂದಳು ಕಿಂಡಿಯಿಂದ ಕಣ್ಣು ತೆಗೆಯದೆ, "ಬೇಗ ಬೀಗ ತೆಗೀರಿ. ಒಳಗೆ ಹೌಸ್‌ಫುಲ್."