ಓದಿದವರು ಹೇಳಬೇಕು

ಒಮ್ಮೆ ಓದಿದರೆ ಸಾಕು, ಪುಟದ ಅಕ್ಷರಗಳು ಅಳಿಸಿಹೋಗುತ್ತಿದ್ದವು. ಅದಕ್ಕೇ ಶಾಲೆಗಳಲ್ಲಿ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಕೀಲಿ ಜಡಿಯುತ್ತಿದ್ದರು. ನಾಗವೇಣಿ ಅಕ್ಕೋರು ಮಾತ್ರ ಶನಿವಾರ ಶಾಲೆ ಬಿಟ್ಟಮೇಲೆ, ಬರುತ್ತೇನೆಂದ ಮಕ್ಕಳನ್ನೆಲ್ಲ ಕೂಡಿಸಿಕೊಂಡು ಓದಿಸುತ್ತಿದ್ದರು. ಒಬ್ಬರು ಜೋರಾಗಿ ಓದಬೇಕು, ಉಳಿದವರು ಕೇಳಿ ನೆನಪಿಟ್ಟುಕೊಳ್ಳಬೇಕು.

ಅಂಥದೊಂದು ಶನಿವಾರ, ಓದು ನಡೆದಿರುವಾಗಲೇ ತಪಾಸಣೆಗೆ ಬಂದ ಸಾಹೇಬರು ಕೆಂಡವಾದರು. "ಬೀರು ತುಂಬ ಖಾಲಿ ಹಾಳಿ! ಇದರಾಗರ ಏನಾರ ಉಳಿದೈತೇನು?" ಎನ್ನುತ್ತ ಮಕ್ಕಳ ಕೈಯಿಂದ ಅರ್ಧ ಓದಿದ್ದ ಕರಡಿಮರಿಯ ಕಥೆಪುಸ್ತಕ ಕಸಿದು ಕೊನೆಯ ಪುಟ ತೆರೆದರು. ಅವರ ಕಣ್ಣು ಸರಿದಂತೆಲ್ಲ ಸಾಲುಗಳು ಮಾಯವಾದವು.

"ಅಕ್ಕೋರ, ಕರಡಿಮರಿ ಮನಿ ಮುಟ್ಟಿತೋ ಇಲ್ಲೋ?" ಮೂರನೇ ತರಗತಿಯ ಫಕೀರವ್ವ ಅಳತೊಡಗಿದಳು.

ಅಕ್ಕೋರು ಬೀರುವಿನ ಕೀಲಿ ತಂದು ಕೋಣೆಯ ಬಾಗಿಲಿಗೆ ಒಳಗಿನಿಂದ ಜಡಿದರು.

"ಇಲ್ಲಿ ಓದಿದವರು ಹೇಳಬೇಕ್ರೀ, ಸಾಹೇಬ್ರ. ಚಾಪಿ ಮ್ಯಾಲೆ ಕೂಡ್ರಿ. ಜೋರಾಗಿ ಹೇಳ್ರಿ."