ತೋರುಬೆರಳು
ಬಂದೂಕಿನ ಅಂಗಡಿಯಲ್ಲಿ ಸ್ವಿಸ್ ಸೈನ್ಯದ ಹಳೆಯ ರೈಫಲ್ ಕೈಗೆ ಬಂದ ಕೂಡಲೇ ಓಂಕಾರನ ತೋರುಬೆರಳು ಸೀದಾ ಟ್ರಿಗರ್ ಮೇಲೆ ಹೋಗಿ ಕೂತಿತು. ಅವನ ಹೆಂಡತಿ ಪದ್ಮಜಾ ರೈಫಲ್ಲನ್ನು ಬಿಟ್ಟು ಆ ಬೆರಳನ್ನೇ ನೋಡುತ್ತಿದ್ದಳು. ವಾರಾಂತ್ಯದಲ್ಲಿ ಶೂಟಿಂಗ್ ರೇಂಜಿಗೆ ಹೋಗಿ ಗುರಿ ಹೊಡೆಯುವ ಆಸೆ ಅವನದು. ಆದರೆ ಮನೆಯಲ್ಲಿ ಒಂಬತ್ತು ವರ್ಷದ ಮಗಳು ಹಂಸಿನಿ ಇದ್ದಾಳೆ. ಹಾಗಾಗಿ ಕೊಳ್ಳುವುದೋ ಬೇಡವೋ ಎಂಬ ಕೊನೆಯ ಮಾತು ತನ್ನದೇ ಎಂದು ಅಮೆರಿಕದ ಪಾರ್ಸಿಪನಿಯ ತಮ್ಮ ಮನೆಯಿಂದ ಹೊರಡುವಾಗಲೇ ಪದ್ಮಜಾ ಅವನನ್ನು ಒಪ್ಪಿಸಿದ್ದಳು.

“ಬೋಲ್ಟ್ ನೋಡೇ, ಎಳೆದ್ರೆ ಬೆಣ್ಣೆ ಹಾಗೆ ಜಾರುತ್ತೆ! ಒಂದು ಫೋಟೊ ತೆಗಿ,” ಎಂದು ಓಂಕಾರ ನಳಿಗೆಯನ್ನು ಅವಳತ್ತಲೇ ತಿರುಗಿಸಿದ. ಅಂಗಡಿಯ ಮುದುಕ ಅದನ್ನು ನೆಲದ ಕಡೆಗೆ ತಗ್ಗಿಸಿದ. ಬೇಡವೇ ಬೇಡ ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ, ಮುದುಕ ಆ ರೈಫಲ್ ವಾಪಸು ಪಡೆದು ಬ್ರಿಟಿಷ್ ಸೈನ್ಯದ ಹಳೆಯ ತ್ರೀ-ನಾಟ್-ತ್ರೀ ರೈಫಲ್ ಕೊಟ್ಟ.

ಓಂಕಾರನ ನಗು ನಿಂತಿತು, ಬೆನ್ನು ನೆಟ್ಟಗಾಯಿತು. ಯಾರೂ ಹೇಳದೆಯೇ ಅವನು ನಳಿಗೆಯನ್ನು ಖಾಲಿ ಗೋಡೆಯತ್ತ ತಿರುಗಿಸಿ, ಬೋಲ್ಟ್ ಎಳೆದು, ಒಳಗೆ ಗುಂಡಿದೆಯೇ ಎಂದು ಕಿರುಬೆರಳು ಹಾಕಿ ಮುಟ್ಟಿ ನೋಡಿದ. ತೋರುಬೆರಳು ಟ್ರಿಗರಿನಿಂದ ದೂರ, ರೈಫಲ್ಲಿನ ಮರದ ಭಾಗದ ಮೇಲೆ ನೀಳವಾಗಿ ಮಲಗಿತ್ತು.

“ಕಾಲೇಜಲ್ಲಿ ಎನ್‌ಸಿಸಿಗೆ ಇದೇ ಇತ್ತು,” ಎಂದ ಮೆಲ್ಲಗೆ. “ಬೆರಳು ಸುಮ್ಮನೆ ಟ್ರಿಗರ್ ಮೇಲೆ ಹೋದ್ರೆ ಸುಬೇದಾರ್ ಸಾಹೇಬ್ರು ಬೆತ್ತದಲ್ಲಿ ಬಾರಿಸ್ತಿದ್ರು.”

“ರೀ, ಇದನ್ನೇ ತಗೊಳ್ಳಿ,” ಎಂದಳು ಪದ್ಮಜಾ, ಅವನ ಬೆರಳನ್ನೇ ನೋಡುತ್ತಾ.

“ಆ ಸ್ವಿಸ್ ರೈಫಲ್ ಎಷ್ಟು ಸ್ಮೂತ್ ಆಗಿದೆ! ಇದು ಗುಂಡು ಹಾರಿಸುವಾಗ ಹಿಂದಕ್ಕೆ ಒದ್ದರೆ ಭುಜ ಹೋಗುತ್ತೆ ಕಣೇ.”

“ಹೋಗ್ಲಿ,” ಎಂದಳು ಪದ್ಮಜಾ.