ನಿಲ್ಲು ಅಂದ ಮಾತ್ರಕ್ಕೆ

"ಭಾವ, ಸೊನ್ನೆ ಬಂತು. ಮೋಟರ್ ಆಫ್. ಕೈ ಹಾಕಿ," ಎಂದು ಫಿಟ್ಟರನ ಹೆಂಡತಿಯ ತಮ್ಮ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಕೂಗಿದ. ಸೀರಿಯಲ್ ಕೇಬಲ್ ಜೋಡಿಸಿ, ಹಿಟ್ಟಿನ ಗಿರಣಿಯ ಮೋಟರ್ ನಡೆಸುವ ಕಂಟ್ರೋಲರಿನ ಔಟ್‌ಪುಟ್ ಓದುವುದು ಅವನ ಕೆಲಸ. ಹಿಟ್ಟನ್ನು ಮುಂದೆ ತಳ್ಳುವ ಉದ್ದನೆಯ ಸ್ಕ್ರೂಗೆ ಸಿಕ್ಕಿ ಅದನ್ನು ನಿಲ್ಲಿಸಿದ್ದ ಹಿಟ್ಟಿನ ಗಂಟು ಬಿಡಿಸುವುದು ಭಾವನದು.

ಭಾವ ಕೈ ಹಾಕಲಿಲ್ಲ. ಪೊರಕೆಯ ಕೋಲಿನಿಂದ ತಿವಿದ. ಗಂಟು ಸಡಿಲಿದ್ದೇ ತಡ, ಸ್ಕ್ರೂ ಗಿರ್ರನೆ ತಿರುಗಿ ಕೋಲನ್ನು ಕಬ್ಬಿನಂತೆ ಅಗಿದುಹಾಕಿತು.

"ಇಲ್ಲಿ ಈಗಲೂ ಸೊನ್ನೆನೇ ಇದೆಯಲ್ಲ ಭಾವ!"

"ಅದು ಕಂಟ್ರೋಲರ್ ನಿಲ್ಲು ಅಂತ ಕೊಟ್ಟ ಆರ್ಡರ್ ಅಷ್ಟೇ ಕಣೋ. ಒಳಗೆ ಸ್ವಿಚ್ ಅಂಟಿಕೊಂಡಿದ್ರೆ ಮೋಟರ್ ಎಲ್ಲಿ ಕೇಳುತ್ತೆ? ನಿಮ್ಮಕ್ಕನೂ ದಿನಾ ಸಿಗರೇಟು ಬಿಡಿ ಅಂತಾಳೆ. ಬಿಟ್ಟಿದೀನಾ?"

ಹುಡುಗನಿಗೆ ನಗು ಬರಲಿಲ್ಲ. ಎದ್ದು ಹೋಗಿ ಮೇನ್ ಫ್ಯೂಸ್ ಕಿತ್ತು ತಂದು ಭಾವನ ಅಂಗೈಯಲ್ಲಿಟ್ಟ. ಐದೂ ಬೆರಳು ಅದರ ಮೇಲೆ ಮಡಚಿಕೊಳ್ಳುವವರೆಗೂ ನೋಡುತ್ತ ನಿಂತ.